ಪ್ರೈಮರ್ ತಪ್ಪೋ, ಪ್ರೋಬ್ ತಪ್ಪೋ: ಕ್ಯೂಪಿಸಿಆರ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಡಿಎನ್‌ಎ ಪ್ರತಿಯಾಗುತ್ತ ಹೋಗುವುದನ್ನು ಬೆಳಕಿನಿಂದ ಅಳೆಯುವ ಕ್ಯೂಪಿಸಿಆರ್ ಕೈಕೊಟ್ಟರೆ ಲ್ಯಾಬಿನಲ್ಲಿ ಮೊದಲು ಕೇಳಿಬರುವ ಮಾತು "ಈ ಪ್ರೈಮರ್ ಸರಿಯಿಲ್ಲ, ಬೇರೆ ಆರ್ಡರ್ ಹಾಕೋಣ" ಎಂಬುದು. ಹೊಸ ಪ್ರೈಮರ್ ಜೋಡಿ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಎರಡು ಸಣ್ಣ ಡಿಎನ್‌ಎ ತುಣುಕು) ಬರುವಷ್ಟರಲ್ಲಿ ಒಂದಷ್ಟು ದಿನ ಹೋಗಿರುತ್ತದೆ. ಅದೇ ಸಾಫ್ಟ್‌ವೇರಿನಲ್ಲಿ ಅದೇ ಸೆಟ್ಟಿಂಗ್ ಇಟ್ಟು ಹುಡುಕಿದ ಜೋಡಿಯಾದ್ದರಿಂದ ಅದೇ ದೋಷವೂ ಜೊತೆಗೇ ಬಂದಿರುತ್ತದೆ. ವಿನ್ಯಾಸದ ಸಾಫ್ಟ್‌ವೇರ್ ಪ್ರೈಮರ್3, ಪ್ರೈಮರ್-ಬ್ಲಾಸ್ಟ್, ಪ್ರೈಮರ್ ಎಕ್ಸ್‌ಪ್ರೆಸ್, ಯಾವುದೇ ಇರಲಿ, ನೀವು ತುಂಬಿದ ಉಪ್ಪು, ಮೆಗ್ನೀಸಿಯಂ, ಡೇಟಾಬೇಸ್ ಇವಿಷ್ಟನ್ನು ನಂಬಿ ಅದು ಲೆಕ್ಕ ಹಾಕುತ್ತದೆ. ನಿಮ್ಮ ಟ್ಯೂಬಿನಲ್ಲಿ ನಿಜಕ್ಕೂ ಏನಿದೆ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಪರದೆಯ ಮೇಲೆ ಹಸಿರು ಗುರುತು ಕಂಡ ಕೂಡಲೇ ಆರ್ಡರ್ ಕಳಿಸುವುದೆಂದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಟಾಕ್‌ಮ್ಯಾನ್ ಬಗೆಯ ಅಸ್ಸೇಗಳಿಗೆ (ಪರೀಕ್ಷೆಗಳಿಗೆ) ಅನ್ವಯಿಸುತ್ತದೆ. ಎರಡು ಪ್ರೈಮರ್, ನಡುವೆ ಒಂದು ಪ್ರೋಬ್. ಪ್ರೋಬಿನ 5′ (ಆರಂಭದ) ತುದಿಯಲ್ಲಿ ಫ್ಯಾಮ್‌ನಂಥ ಬೆಳಗುವ ಬಣ್ಣ, 3′ (ಕೊನೆಯ) ತುದಿಯಲ್ಲಿ ಆ ಬೆಳಕನ್ನು ಅಡಗಿಸುವ ಕ್ವೆಂಚರ್. ಟಾಕ್ ಕಿಣ್ವ ಪ್ರತಿ ಮಾಡುತ್ತ ಬಂದು ದಾರಿಗೆ ಅಡ್ಡ ಕೂತ ಪ್ರೋಬನ್ನು ಕತ್ತರಿಸಿದಾಗ ಬಣ್ಣ ಕ್ವೆಂಚರ್‌ನಿಂದ ಬಿಡಿಸಿಕೊಂಡು ಬೆಳಗುತ್ತದೆ. ಯಾವುದೇ ಜೋಡಿ ಎಳೆ ಡಿಎನ್‌ಎ ಸಿಕ್ಕರೂ ಬೆಳಗುವ ಸೈಬರ್ ಗ್ರೀನ್ ಬಣ್ಣದ ಮಾತು ಅಲ್ಲಲ್ಲಿ ಬರುತ್ತದೆ, ಹೆಚ್ಚಾಗಿ ತನಿಖೆಯ ಉಪಕರಣವಾಗಿ.

ಸಿಟಿ ನೋಡುವ ಮೊದಲು ಕಚ್ಚಾ ಬೆಳಕು ನೋಡಿ

ಯಂತ್ರ ಕೊಡುವ ಸಿಟಿ ಮೌಲ್ಯ (ಬೆಳಕು ಗೊತ್ತುಮಾಡಿದ ಗೆರೆ ದಾಟುವ ಸೈಕಲ್ ಸಂಖ್ಯೆ) ಹಲವು ಲೆಕ್ಕಗಳನ್ನು ದಾಟಿ ಬಂದಿರುತ್ತದೆ. ಬೇಸ್‌ಲೈನ್ (ಮೊದಲ ಸೈಕಲ್‌ಗಳ ತಳದ ಬೆಳಕು) ಕಳೆದು, ಹೋಲಿಕೆಗೆಂದು ಮಿಕ್ಸ್‌ನಲ್ಲಿರುವ ರಾಕ್ಸ್ ಬಣ್ಣದಿಂದ ಭಾಗಿಸಿ, ಥ್ರೆಶೋಲ್ಡ್ ಗೆರೆಗೆ ತಾಗಿದ ಜಾಗ ಹುಡುಕಿ ಆ ಅಂಕಿ ಹೊರಬರುತ್ತದೆ. ಈ ಹಂತಗಳಲ್ಲಿ ಒಂದು ಹಾದಿ ತಪ್ಪಿದರೂ ಒಳ್ಳೆಯ ಪ್ರೈಮರ್ ಕೆಟ್ಟದ್ದಾಗಿ ಕಾಣುತ್ತದೆ. ಆದ್ದರಿಂದ ಮಲ್ಟಿಕಾಂಪೊನೆಂಟ್ ಪ್ಲಾಟ್ ತೆರೆದು ಬಣ್ಣದ ನಿಜವಾದ ಏರಿಕೆಯನ್ನು ನೋಡಿ. ಬೇಸ್‌ಲೈನ್ 3ರಿಂದ 15ನೇ ಸೈಕಲ್ ಎಂದು ಕೈಯಾರೆ ಇಟ್ಟಿದ್ದು ಸ್ಯಾಂಪಲ್ 12ನೇ ಸೈಕಲಿನಲ್ಲೇ ಏರತೊಡಗಿದ್ದರೆ, ಆ ಏರಿಕೆಯೇ ಬೇಸ್‌ಲೈನ್ ಎಂದು ಎಣಿಕೆಯಾಗಿ ಗೆರೆ ಸೊಟ್ಟಗಾಗುತ್ತದೆ. ಮಿಕ್ಸ್‌ನಲ್ಲಿ ರಾಕ್ಸ್ ಇಲ್ಲದಿದ್ದರೂ ಯಂತ್ರದ ಸೆಟ್ಟಿಂಗಿನಲ್ಲಿ ರಾಕ್ಸ್ ಆಯ್ಕೆಯಾಗಿದ್ದರೆ ಗೆರೆಗಳು ಕಾರಣವಿಲ್ಲದೆ ನಡುಗುತ್ತವೆ. ಪ್ರೋಬಿನಲ್ಲಿ ಬಿಎಚ್‌ಕ್ಯೂನಂಥ ಬೆಳಗದ ಕ್ವೆಂಚರ್ ಇದ್ದು ಸಾಫ್ಟ್‌ವೇರಿನಲ್ಲಿ ಹಳೆಯ ಸೆಟ್ಟಿಂಗ್ ಫೈಲಿನಿಂದ ಬಂದ ಟಾಮ್ರಾ (ತಾನೇ ಬೆಳಗುವ ಹಳೆಯ ಬಗೆಯ ಕ್ವೆಂಚರ್) ಹಾಗೇ ಉಳಿದಿರುವುದೂ ಮಾಮೂಲು. ಇವೆಲ್ಲ ಪ್ಲೇಟ್ ಫೈಲಿನಲ್ಲೇ ಸರಿಹೋಗುವ ತಪ್ಪುಗಳು. ಹೊಸ ರನ್ ಕೂಡ ಬೇಡ, ಮರು ವಿಶ್ಲೇಷಣೆ ಸಾಕು.

ಎಲ್ಲ ವೆಲ್‌ಗಳೂ ಸಪ್ಪೆ

ಪಾಸಿಟಿವ್ ಕಂಟ್ರೋಲ್ ಸೇರಿ ಯಾವುದೂ ಏಳದಿದ್ದರೆ ಮೊದಲ ಪ್ರಶ್ನೆ: ಪ್ರತಿಯೇ ಆಗಿಲ್ಲವೋ, ಆಗಿದ್ದೂ ಕಾಣುತ್ತಿಲ್ಲವೋ? ಇದಕ್ಕೆ ಅಗ್ಗದ ಉತ್ತರ ಅದೇ ಪ್ರೈಮರ್ ಜೋಡಿಯನ್ನು ಸೈಬರ್ ಮಿಕ್ಸ್‌ನಲ್ಲಿ ಓಡಿಸುವುದು, ಆಮೇಲೆ ಉತ್ಪನ್ನವನ್ನು ಶೇ. 3ರ ಅಗರೋಸ್ ಜೆಲ್‌ನಲ್ಲಿ ನೋಡುವುದು. ಸೈಬರ್‌ನಲ್ಲಿ ಏರಿ ಜೆಲ್‌ನಲ್ಲಿ ಸರಿಯಾದ ಉದ್ದದ ಪಟ್ಟಿ ಬಂದರೆ ಪ್ರೈಮರ್‌ಗಳಿಗೆ ಕ್ಲೀನ್ ಚಿಟ್. ಅಲ್ಲಿಂದ ಮುಂದೆ ಪ್ರೋಬಿನ ವಿಚಾರಣೆ.

ಪ್ರೋಬ್ ಬದುಕಿದೆಯೇ ಎಂದು ನೋಡಲು ಸ್ವಲ್ಪ ಪ್ರೋಬಿಗೆ ಬಫರ್ ಸಮೇತ ಡಿಎನ್‌ಎ ತುಂಡರಿಸುವ ಕಿಣ್ವ ಡಿಎನ್‌ಏಸ್ I ಹಾಕಿ ಬೆಳಕು ಅಳೆಯಿರಿ. ಒಳ್ಳೆಯ ಪ್ರೋಬ್ ತುಂಡಾದ ಕೂಡಲೇ ಹಲವು ಪಟ್ಟು ಬೆಳಗುತ್ತದೆ. ಮೊದಲಿನಿಂದಲೇ ಬೆಳಕು ಜಾಸ್ತಿ ಇದ್ದು ಕಿಣ್ವ ಹಾಕಿದ ಮೇಲೂ ಏರದಿದ್ದರೆ ಪ್ರೋಬ್ ಆಗಲೇ ಒಡೆದುಹೋಗಿದೆ: ಬಹುಶಃ ಫ್ರೀಜರಿನಿಂದ ಪದೇಪದೇ ಹೊರಬಂದಿದೆ. ಮೊದಲೂ ಕತ್ತಲೆ, ಆಮೇಲೂ ಕತ್ತಲೆ ಎಂದಾದರೆ ಬಣ್ಣವೇ ಅಂಟಿಲ್ಲ, ಅಥವಾ ಪ್ರೋಬಿನ 5′ ತುದಿಯ ಮೊದಲ ಅಕ್ಷರ ಜಿ ಆಗಿದೆ. ಬಣ್ಣದ ಮಗ್ಗುಲಲ್ಲಿ ಗ್ವಾನೀನ್ ಇದ್ದರೆ ಅದು ಫ್ಯಾಮ್‌ನ ಬೆಳಕನ್ನು ನುಂಗುತ್ತದೆ, ಪ್ರೋಬ್ ಕತ್ತರಿಸಿದ ಮೇಲೂ ನುಂಗುತ್ತಲೇ ಇರುತ್ತದೆ. ಪ್ರೈಮರ್ ಎಕ್ಸ್‌ಪ್ರೆಸ್‌ನಂಥ ಟಾಕ್‌ಮ್ಯಾನ್‌ಗೆಂದೇ ಮಾಡಿದ ಸಾಫ್ಟ್‌ವೇರ್ ಇದನ್ನು ತಾನೇ ತಡೆಯುತ್ತದೆ. ಸಾಮಾನ್ಯ ಪಿಸಿಆರ್‌ಗೆಂದು ಮಾಡಿದವುಗಳಲ್ಲಿ ಆ ನಿಯಮವನ್ನು ನೀವೇ ಹಾಕಬೇಕು, ಇಲ್ಲವೇ ಫಲಿತಾಂಶವನ್ನು ಕಣ್ಣಿನಿಂದ ಜರಡಿ ಹಿಡಿಯಬೇಕು.

ಸೈಬರ್‌ನಲ್ಲೂ ಏಳದಿದ್ದರೆ ತಪ್ಪು ಬಹಳ ಸಲ ನಗು ಬರಿಸುವಷ್ಟು ಸಣ್ಣದು. ಪ್ರೈಮರ್3 ಬಲಗಡೆಯ ಪ್ರೈಮರನ್ನು ಆರ್ಡರ್‌ಗೆ ಸಿದ್ಧವಾಗಿಯೇ, ಅಂದರೆ ಎದುರು ಎಳೆಯ ಅಕ್ಷರಗಳಲ್ಲಿ 5′ನಿಂದ 3′ಗೆ ಬರೆದು ಕೊಡುತ್ತದೆ. ಅದು ತಿಳಿಯದೆ ಅದನ್ನು ಮತ್ತೊಮ್ಮೆ ರಿವರ್ಸ್ ಕಾಂಪ್ಲಿಮೆಂಟ್ ಮಾಡಿ (ತಿರುಗಿಸಿ ಎದುರು ಎಳೆಯ ಅಕ್ಷರಗಳಿಗೆ ಬದಲಿಸಿ) ಆರ್ಡರ್ ಹಾಕಿದರೆ ಎರಡೂ ಪ್ರೈಮರ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿ ಓಡುತ್ತವೆ. ಬಂದ ಟ್ಯೂಬಿನ ಮೇಲಿನ ಅಕ್ಷರಗಳನ್ನೇ (ನಿಮ್ಮ ಎಕ್ಸೆಲ್ ಹಾಳೆಯಿಂದ ಬೇಡ) ಟೈಪ್ ಮಾಡಿ ಯುಸಿಎಸ್‌ಸಿ ಇನ್-ಸಿಲಿಕೋ ಪಿಸಿಆರ್‌ಗೋ ಪ್ರೈಮರ್-ಬ್ಲಾಸ್ಟ್‌ಗೋ ಹಾಕಿದರೆ ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರೋಬಿಗೆ ಈ ತಾಪತ್ರಯವಿಲ್ಲ, ಅದು ಯಾವ ಎಳೆಯ ಮೇಲೂ ಕೂರಬಹುದು. ಜಿಗಿಂತ ಸಿ ಹೆಚ್ಚಿರುವ ಎಳೆಯನ್ನು ಆರಿಸಿಕೊಂಡರೆ ಒಳ್ಳೆಯದು. ಇನ್ನೊಂದು ಸಣ್ಣ ತಪ್ಪು ಕರಗಿಸುವಾಗಿನದು. 25 ನ್ಯಾನೋಮೋಲ್ ಎಂದು ಬರೆದ ಟ್ಯೂಬಿಗೆ 250 ಮೈಕ್ರೋಲೀಟರ್ ಟಿಇ ಬಫರ್ ಹಾಕಿದರೆ 100 ಮೈಕ್ರೋಮೋಲಾರ್ ಆಗುತ್ತದೆ. ಪ್ರೋಬುಗಳು ಪ್ರೈಮರಿಗಿಂತ ಬಹಳ ಕಡಿಮೆ ನ್ಯಾನೋಮೋಲ್‌ನಲ್ಲಿ ಬರುವುದರಿಂದ ಅಭ್ಯಾಸಬಲದಿಂದ ಅದಕ್ಕೂ 250 ಸುರಿದವರಿದ್ದಾರೆ.

ನೀರಿನ ವೆಲ್ ಬೆಳಗಿದೆ

ಎಲ್ಲಕ್ಕಿಂತ ತಲೆನೋವಿನದು ಇದು. ಟೆಂಪ್ಲೇಟ್ (ಪ್ರತಿ ಮಾಡಬೇಕಾದ ಮೂಲ ಡಿಎನ್‌ಎ) ಇಲ್ಲದ ಎನ್‌ಟಿಸಿ ವೆಲ್‌ನಲ್ಲಿ ಗೆರೆ ಏರಿದೆ. ಸೈಬರ್ ಆದರೆ ಪ್ರೈಮರ್ ಡೈಮರ್ (ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿ ಬೆಳೆದದ್ದು) ಎಂದು ಮೆಲ್ಟ್ ಕರ್ವ್, ಅಂದರೆ ಬಿಸಿ ಏರಿದಂತೆ ಎಳೆಗಳು ಬಿಚ್ಚಿಕೊಳ್ಳುವ ತಾಪ ತೋರಿಸುವ ಗೆರೆ, ನೋಡಿ ಮುಗಿಸಬಹುದು: ಉತ್ಪನ್ನದ ಶಿಖರಕ್ಕಿಂತ ಕೆಳಗೆ ತಗ್ಗಾದ, ಅಗಲವಾದ ಇನ್ನೊಂದು ಶಿಖರ. (ಎರಡು ಶಿಖರ ಕಂಡ ಮಾತ್ರಕ್ಕೆ ಎರಡು ಉತ್ಪನ್ನ ಎಂದುಕೊಳ್ಳಬೇಡಿ. ಒಂದೇ ಆಂಪ್ಲಿಕಾನ್‌ನಲ್ಲಿ (ಎರಡು ಪ್ರೈಮರ್‌ಗಳಿಂದ ಪ್ರತಿಯಾಗುವ ತುಣುಕಿನಲ್ಲಿ) ಜಿಸಿ ದಟ್ಟವಾದ ಭಾಗ, ಎಟಿ ದಟ್ಟವಾದ ಭಾಗ ಬೇರೆ ಬೇರೆ ಹೊತ್ತಿಗೆ ಬಿಚ್ಚಿಕೊಂಡರೂ ಹಾಗೇ ಕಾಣುತ್ತದೆ. ಯುಮೆಲ್ಟ್ ಎಂಬ ಉಚಿತ ಸಾಧನಕ್ಕೆ ಸೀಕ್ವೆನ್ಸ್ ಕೊಟ್ಟರೆ ನಿರೀಕ್ಷಿತ ಕರ್ವ್ ಬರೆದು ತೋರಿಸುತ್ತದೆ.)

ಪ್ರೋಬ್ ಇರುವ ಅಸ್ಸೇಯಲ್ಲಿ ಪ್ರಚಲಿತ ನಂಬಿಕೆ ಬೇರೆ. ಡೈಮರ್‌ನಲ್ಲಿ ಪ್ರೋಬ್ ಕೂರಲು ಜಾಗವಿಲ್ಲ, ಆದ್ದರಿಂದ ಬೆಳಕು ಬಂದರೆ ಅದು ಕಂಟಾಮಿನೇಶನ್ನೇ ಎನ್ನುತ್ತಾರೆ. ಹೆಚ್ಚಿನ ಸಲ ಇದು ನಿಜ. ಆದರೆ ಹೀಗೇ ಇರಲೇಬೇಕು ಎಂದು ಕೂತರೆ ಏನಾಗುತ್ತದೆ ಎಂಬುದಕ್ಕೆ 2020ರ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಕೋವಿಡ್ ಕಿಟ್‌ಗಿಂತ ದೊಡ್ಡ ಪಾಠ ಬೇಕಿಲ್ಲ.

ಆ ಕಿಟ್‌ನಲ್ಲಿ ವೈರಸ್‌ನ ನ್ಯೂಕ್ಲಿಯೋಕ್ಯಾಪ್ಸಿಡ್ ಜೀನಿನ ಮೇಲೆ ಎನ್1, ಎನ್2, ಎನ್3 ಎಂಬ ಮೂರು ಗುರಿಗಳಿದ್ದವು. ಫೆಬ್ರುವರಿ 2020ರಲ್ಲಿ ಕಿಟ್ ರಾಜ್ಯಗಳ ಪ್ರಯೋಗಾಲಯಗಳಿಗೆ ತಲುಪಿದ ಕೂಡಲೇ ವೈರಸ್ಸೇ ಇಲ್ಲದ ವೆಲ್‌ಗಳಲ್ಲಿ ಬೆಳಕು ಬರುತ್ತಿದೆ ಎಂದು ದೂರು ಶುರುವಾಯಿತು. ಎನ್3ರಲ್ಲಿ ಹೆಚ್ಚು, ಎನ್1ರಲ್ಲಿ ಕಡಿಮೆ. ತಿಂಗಳ ಕೊನೆಯ ಹೊತ್ತಿಗೆ ಎನ್3 ಬಿಟ್ಟು ಉಳಿದೆರಡರಿಂದಲೇ ಪರೀಕ್ಷೆ ನಡೆಸುವ ವ್ಯವಸ್ಥೆಯಾಯಿತು. 2021ರಲ್ಲಿ ಪ್ರಕಟವಾದ ಸಿಡಿಸಿಯ ಆಂತರಿಕ ತನಿಖೆಯಲ್ಲಿ ಎರಡಕ್ಕೂ ಎರಡು ಬೇರೆ ಕಾರಣ ಸಿಕ್ಕಿತು. ಎನ್1ರದ್ದು ಕಂಟಾಮಿನೇಶನ್: ತಯಾರಾದ ಸಾಮಗ್ರಿ ಗುಣಮಟ್ಟ ಪರೀಕ್ಷೆಗೆಂದು ಸಂಶೋಧನಾ ಲ್ಯಾಬ್ ಒಂದರಲ್ಲಿದ್ದಾಗ ಅದಕ್ಕೆ ಕೃತಕ ಟೆಂಪ್ಲೇಟ್ ಬೆರೆತಿತ್ತು. ಎನ್3ರದ್ದು ವಿನ್ಯಾಸದ ದೋಷ: ಪ್ರೋಬಿನ 3′ ತುದಿ, ರಿವರ್ಸ್ ಪ್ರೈಮರಿನ 3′ ತುದಿ ಒಂದಕ್ಕೊಂದು ಜೋಡಿಯಾಗುತ್ತಿದ್ದವು. ಹಾಗೆ ಕಚ್ಚಿಕೊಂಡಾಗ ಪ್ರೈಮರ್ ಪ್ರೋಬನ್ನೇ ಟೆಂಪ್ಲೇಟ್ ಮಾಡಿಕೊಂಡು ಬೆಳೆಯಬಹುದು. ಸುರುಳಿಯಾಗಿದ್ದ ಪ್ರೋಬ್ ಜೋಡಿ ಎಳೆಯಾಗಿ ನೆಟ್ಟಗಾದರೆ ಬಣ್ಣ ಕ್ವೆಂಚರ್‌ನಿಂದ ದೂರ ಸರಿಯುತ್ತದೆ, ಟೆಂಪ್ಲೇಟೇ ಇಲ್ಲದೆ ಬೆಳಕು ಬರುತ್ತದೆ.

ಒಂದೇ ಕಿಟ್, ಒಂದೇ ಲಕ್ಷಣ, ಎರಡು ರೋಗ. ಹಾಗಾದರೆ ಬೇರ್ಪಡಿಸುವುದು ಹೇಗೆ?

ಮೊದಲು ಎನ್‌ಟಿಸಿ ವೆಲ್‌ಗಳ ಸಂಖ್ಯೆ ಹೆಚ್ಚಿಸಿ. ಎರಡು ವೆಲ್ ನೋಡಿ ಏನೂ ಹೇಳಲಾಗದು. ಕನಿಷ್ಠ ಒಂದು ಇಡೀ ಸಾಲು ನೀರು ಹಾಕಿ. ಅಲ್ಲೊಂದು ಇಲ್ಲೊಂದು ವೆಲ್ ಮಾತ್ರ ಎದ್ದು, ಅವುಗಳ ಸಿಟಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ಪಿಪೆಟ್ ಅಥವಾ ಗಾಳಿಯಲ್ಲಿ ತೇಲಿದ ಹನಿಯ ಕೆಲಸ. ಎಲ್ಲ ವೆಲ್‌ಗಳೂ ಹೆಚ್ಚುಕಮ್ಮಿ ಒಂದೇ ಸೈಕಲಿನಲ್ಲಿ ಎದ್ದರೆ ದೋಷ ಎಲ್ಲ ವೆಲ್‌ಗಳಿಗೂ ಹೋಗಿರುವ ಯಾವುದೋ ದ್ರವದಲ್ಲಿದೆ. ಅದು ಕೊಳೆಯಾದ ನೀರೋ ಪ್ರೈಮರೋ ಇರಬಹುದು, ಅಣುಗಳ ಸ್ವಂತ ಕಿತಾಪತಿಯೂ ಇರಬಹುದು.

ಆಮೇಲೆ ಒಂದೊಂದನ್ನೇ ಬಿಟ್ಟು ನೋಡುವ ಪರೀಕ್ಷೆ. ನೀರಿನ ವೆಲ್‌ಗಳನ್ನೇ ಮೂರು ಬಗೆ ಮಾಡಿ: ಫಾರ್ವರ್ಡ್ ಪ್ರೈಮರ್ ಬಿಟ್ಟದ್ದು, ರಿವರ್ಸ್ ಬಿಟ್ಟದ್ದು, ಎಲ್ಲವೂ ಇರುವುದು. ಟೆಂಪ್ಲೇಟ್ ನಿಜವಾಗಿ ಸೇರಿಕೊಂಡಿದ್ದರೆ ಒಂದು ಪ್ರೈಮರ್ ಇಲ್ಲದೆ ಅದು ಇಮ್ಮಡಿಯಾಗುತ್ತ ಹೋಗಲಾರದು, ಗೆರೆ ಬಿದ್ದುಹೋಗುತ್ತದೆ. ಫಾರ್ವರ್ಡ್ ಪ್ರೈಮರ್ ಇಲ್ಲದೆಯೂ ಬೆಳಕು ಬಂದರೆ ಅಲ್ಲಿ ರಿವರ್ಸ್ ಪ್ರೈಮರ್ ಮತ್ತು ಪ್ರೋಬ್ ಸೇರಿ ಏನೋ ನಡೆಸಿವೆ ಎಂದರ್ಥ. ಒಂದು ಮಧ್ಯಾಹ್ನದ ಕೆಲಸ, ಹೊಸ ಆರ್ಡರ್ ಬೇಡ, ಉತ್ತರ ಖಚಿತ. ಈ ಪರೀಕ್ಷೆಯನ್ನು ಅಸ್ಸೇ ಸಿದ್ಧಪಡಿಸುವಾಗಲೇ ಮಾಡಿಡುವ ಲ್ಯಾಬ್‌ಗಳು ತೀರಾ ಕಡಿಮೆ ಎಂಬುದು ನನಗೆ ಇನ್ನೂ ಅರ್ಥವಾಗದ ವಿಷಯ.

ಸಾಫ್ಟ್‌ವೇರಿನಲ್ಲಿ ಇದನ್ನು ಮೊದಲೇ ಹಿಡಿಯಬಹುದು, ಆದರೆ ಕೇಳಬೇಕು. ಬಹುತೇಕ ಸಾಧನಗಳು ಫಾರ್ವರ್ಡ್ ಮತ್ತು ರಿವರ್ಸ್ ಪ್ರೈಮರ್‌ಗಳ ನಡುವಿನ ಡೈಮರ್ ನೋಡುತ್ತವೆ, ಪ್ರೋಬ್ ತನ್ನೊಳಗೇ ಮಡಚುತ್ತದೆಯೇ ಎಂದೂ ನೋಡುತ್ತವೆ. ಪ್ರೋಬ್ ಮತ್ತು ಪ್ರೈಮರ್‌ಗಳ ಅಡ್ಡಜೋಡಿಯನ್ನು ಆಲಿಗೋಅನಲೈಸರ್‌ನಂಥ ಸಾಧನದಲ್ಲಿ ಒಂದೊಂದಾಗಿ ಕೈಯಾರೆ ಪರೀಕ್ಷಿಸುವುದೇ ಕ್ಷೇಮ. ಮೂರು ಆಲಿಗೋ (ಎರಡು ಪ್ರೈಮರ್, ಒಂದು ಪ್ರೋಬ್) ಇದ್ದರೆ ತನ್ನೊಡನೆ ತಾನು ಮೂರು, ಬೇರೆಯದರೊಡನೆ ಮೂರು, ಒಟ್ಟು 6 ಜೋಡಿ. ಎರಡು ಗುರಿಯ ಡ್ಯುಪ್ಲೆಕ್ಸ್ ಆದರೆ ಆರು ಆಲಿಗೋಗಳಿಗೆ 21 ಜೋಡಿ. ಜೋಡಿಯ ಬಿಗಿತ ಹೇಳುವ ಡೆಲ್ಟಾ ಜಿ −9 ಕಿಲೋಕ್ಯಾಲರಿಗಿಂತ ದುರ್ಬಲವಾಗಿರಲಿ ಎಂಬ ಹೆಬ್ಬೆರಳ ಲೆಕ್ಕ ಇದೆ. ಆ ಒಂದೇ ಅಂಕಿಯನ್ನು ನಂಬಬೇಡಿ. ನಡುವೆ ಗಟ್ಟಿಯಾಗಿ ಅಂಟಿ ತುದಿಗಳು ತೂಗಾಡುವ ಜೋಡಿಯಿಂದ ಅಷ್ಟು ತೊಂದರೆಯಿಲ್ಲ, ಏಕೆಂದರೆ ಟಾಕ್ ಬೆಳೆಸುವುದು 3′ ತುದಿ ಕೂತಿದ್ದರೆ ಮಾತ್ರ. ಬರೀ ನಾಲ್ಕೈದು ಅಕ್ಷರಗಳಷ್ಟೇ ಆದರೂ 3′ ತುದಿಯೇ ಕಚ್ಚಿಕೊಂಡಿದ್ದರೆ ಅಂಕಿ ಎಷ್ಟೇ ಸಭ್ಯವಾಗಿದ್ದರೂ ಆ ಜೋಡಿಯನ್ನು ಬಿಟ್ಟುಬಿಡಿ. ಚಿತ್ರ ನೋಡಿ, ಅಂಕಿ ಆಮೇಲೆ.

ಇನ್ನು ಎನ್1 ಬಗೆಯ ಕೊಳೆ. ಪಾಸಿಟಿವ್ ಕಂಟ್ರೋಲ್‌ಗೆಂದು ತರಿಸುವ ಕೃತಕ ಡಿಎನ್‌ಎ ತುಣುಕು ನೋಡಲು ಏನೂ ಅಲ್ಲ. ಲೆಕ್ಕ ಹಾಕಿದರೆ 100 ಜೋಡಿ ಅಕ್ಷರದ ತುಣುಕಿನ ಒಂದೇ ಒಂದು ನ್ಯಾನೋಗ್ರಾಂನಲ್ಲಿ ಸುಮಾರು 900 ಕೋಟಿ ಪ್ರತಿಗಳಿರುತ್ತವೆ. ಆ ಒಣ ಟ್ಯೂಬನ್ನು ಮಾಸ್ಟರ್ ಮಿಕ್ಸ್ ಮಾಡುವ ಮೇಜಿನ ಮೇಲೆ ತೆರೆದರೆ ಆ ಅಸ್ಸೇಯ ಕತೆ ಅಲ್ಲಿಗೆ ಮುಗಿದಂತೆ. ನಮ್ಮ ಮಿಕ್ಸ್‌ನಲ್ಲಿ ಯುಎನ್‌ಜಿ ಎಂಬ ಕಿಣ್ವ ಇದೆಯಲ್ಲ ಎಂಬ ಧೈರ್ಯವೂ ಇಲ್ಲಿ ನಡೆಯದು. ಯುಎನ್‌ಜಿ ನಾಶ ಮಾಡುವುದು ಯುರಾಸಿಲ್ ಇರುವ ಹಳೆಯ ಪಿಸಿಆರ್ ಉತ್ಪನ್ನವನ್ನು. ಕೃತಕ ತುಣುಕಿನಲ್ಲಿ ಇರುವುದು ಮಾಮೂಲು ಥೈಮೀನ್, ಅದನ್ನು ಈ ಕಿಣ್ವ ಮುಟ್ಟುವುದಿಲ್ಲ. ಕಂಟ್ರೋಲ್ ತುಣುಕನ್ನು ವಿನ್ಯಾಸ ಮಾಡುವಾಗಲೇ ಪ್ರೈಮರ್‌ಗಳ ನಡುವೆ, ಪ್ರೋಬ್ ಕೂರುವ ಜಾಗಕ್ಕೆ ಧಕ್ಕೆಯಾಗದಂತೆ, ಹತ್ತಿಪ್ಪತ್ತು ಪರಕೀಯ ಅಕ್ಷರ ಸೇರಿಸಿಡಿ. ಮುಂದೆ ಅನುಮಾನ ಬಂದಾಗ ಉತ್ಪನ್ನದ ಉದ್ದ ನೋಡಿ ಇದು ನಮ್ಮ ಕಂಟ್ರೋಲೋ ನಿಜವಾದ ಸ್ಯಾಂಪಲೋ ಎಂದು ಹೇಳಬಹುದು.

ಸ್ಟ್ಯಾಂಡರ್ಡ್ ಕರ್ವಿನ ಇಳಿಜಾರು ಕೂಡುತ್ತಿಲ್ಲ

ಹತ್ತು ಪಟ್ಟು ತೆಳು ಮಾಡುತ್ತ ಹೋದರೆ ಪ್ರತಿ ಹಂತಕ್ಕೂ ಸಿಟಿ 3.32 ಏರಬೇಕು, ಅದೇ ಶೇ. 100 ದಕ್ಷತೆ. ಸ್ಲೋಪ್ −3.6ರಿಂದ −3.1ರ ನಡುವೆ ಇದ್ದರೆ ದಕ್ಷತೆ ಹೆಚ್ಚುಕಮ್ಮಿ ಶೇ. 90ರಿಂದ 110, ಸಾಮಾನ್ಯವಾಗಿ ಒಪ್ಪುವ ಮಿತಿ ಇದು.

ಸ್ಲೋಪ್ −2.8 ಬಂತು, ದಕ್ಷತೆ ಶೇ. 128 ಎಂದು ಖುಷಿಪಡುವವರುಂಟು. ಒಂದು ಎಳೆ ಒಂದು ಸೈಕಲಿನಲ್ಲಿ ಎರಡಕ್ಕಿಂತ ಹೆಚ್ಚಾಗುವುದಿಲ್ಲ. ದಟ್ಟ ಸ್ಯಾಂಪಲ್‌ಗಳಲ್ಲಿ ಪಿಸಿಆರ್ ತಡೆಯುವ ಏನೋ ಇದೆ (ರಕ್ತದ ಹೀಮ್, ಮಣ್ಣಿನ ಹ್ಯೂಮಿಕ್ ಆಮ್ಲ, ಉಳಿದ ಎಥನಾಲ್), ಅವು ತಡವಾಗಿ ಏಳುತ್ತವೆ, ಗೆರೆ ಚಪ್ಪಟೆಯಾಗುತ್ತದೆ. ಮೇಲಿನ ಒಂದೆರಡು ಬಿಂದು ತೆಗೆದು ಮತ್ತೆ ಗೆರೆ ಎಳೆಯಿರಿ. ಸರಿಹೋದರೆ ದೋಷ ಶುದ್ಧೀಕರಣದಲ್ಲಿದೆ, ಪ್ರೈಮರ್ ಫೈಲ್ ಮುಚ್ಚಿಡಿ. ಕೆಳತುದಿಯ ಬಿಂದುಗಳಿಗೂ ಕಣ್ಣಿಡಬೇಕು. ವೆಲ್‌ಗೆ ಸರಾಸರಿ 3 ಪ್ರತಿ ಎಂದು ಲೆಕ್ಕ ಹಾಕಿ ಹಾಕಿದರೂ ನೂರಕ್ಕೆ ಐದು ವೆಲ್‌ಗಳಲ್ಲಿ ಒಂದೂ ಇರುವುದಿಲ್ಲ. ಅಲ್ಲಿ ಏರುಪೇರು ಕಂಡರೆ ಅದು ಬರೀ ಸಂಭವನೀಯತೆಯ ಆಟ.

ಸ್ಲೋಪ್ −3.9, −4.1 ಎಂದು ಕಡಿದಾದಾಗ ಮಾತ್ರ ವಿನ್ಯಾಸದ ಕಡೆ ತಿರುಗಬೇಕು. −3.9 ಎಂದರೆ ದಕ್ಷತೆ ಸುಮಾರು ಶೇ. 80. ಇಲ್ಲಿ ಹೆಚ್ಚಾಗಿ ಸಿಗುವ ಅಪರಾಧಿ ಟಿಎಂ, ಅಂದರೆ ಕರಗುವ ತಾಪ. ಟಾಕ್‌ಮ್ಯಾನ್ ಅಸ್ಸೇಗೆ ಪ್ರೈಮರ್ 58ರಿಂದ 60 ಡಿಗ್ರಿ, ಪ್ರೋಬ್ ಅದಕ್ಕಿಂತ 10 ಡಿಗ್ರಿ ಮೇಲೆ, ಅನೀಲಿಂಗ್ 60 ಎಂಬುದು ಬಾಯಿಪಾಠ. ಈ ಸೂತ್ರ ಬಂದದ್ದು ಪ್ರೈಮರ್ ಎಕ್ಸ್‌ಪ್ರೆಸ್‌ನ ಬಳಕೆಯಿಂದ. ಅದರ 60 ಡಿಗ್ರಿ ಅದರದೇ ಲೆಕ್ಕದ 60. ಬೇರೆ ಸಾಧನದಲ್ಲಿ 60 ಎಂದು ಬಂದ ಪ್ರೈಮರಿಗೆ ಅದೇ ಸೂತ್ರ ಹಚ್ಚಿದರೆ ಎಡವಟ್ಟು.

ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮೊದಲನೆಯದು ಕೋಷ್ಟಕ. ಅಕ್ಕಪಕ್ಕದ ಜೋಡಿ ಅಕ್ಷರಗಳಿಗೆ ಎಷ್ಟು ಶಕ್ತಿ ಎಂಬ ಪಟ್ಟಿಯನ್ನು ಹಳೆಯ ಪ್ರೈಮರ್3 ಆವೃತ್ತಿಗಳು 1986ರ ಬ್ರೆಸ್ಲಾವರ್ ಲೆಕ್ಕದಿಂದ ತೆಗೆದುಕೊಳ್ಳುತ್ತಿದ್ದವು. ಈಗ ಎಲ್ಲರೂ ಶಿಫಾರಸು ಮಾಡುವುದು 1998ರ ಸಾಂಟಾಲೂಸಿಯಾ ಕೋಷ್ಟಕವನ್ನು. ಯಾರದೋ ಕಂಪ್ಯೂಟರಿನಲ್ಲಿ ವರ್ಷಗಳ ಹಿಂದೆ ಹಾಕಿಟ್ಟ ಆವೃತ್ತಿ ಈಗಲೂ ಓಡುತ್ತಿದ್ದರೆ ಒಮ್ಮೆ ತೆರೆದು ನೋಡಿ.

ಎರಡನೆಯದು ಉಪ್ಪು, ಇದು ಇನ್ನೂ ದೊಡ್ಡದು. ಬಹಳಷ್ಟು ಸಾಧನಗಳು ತೆರೆದಾಗ 50 ಮಿಲಿಮೋಲಾರ್ ಸೋಡಿಯಂ, ಮೆಗ್ನೀಸಿಯಂ ಸೊನ್ನೆ ಎಂದು ತುಂಬಿಕೊಂಡಿರುತ್ತವೆ. ನಿಮ್ಮ ಮಾಸ್ಟರ್ ಮಿಕ್ಸ್‌ನಲ್ಲಿ ಮೆಗ್ನೀಸಿಯಂ 3 ಮಿಲಿಮೋಲಾರ್, ಡಿಎನ್‌ಟಿಪಿ (ಹೊಸ ಎಳೆ ಕಟ್ಟುವ ಬಿಡಿ ಅಕ್ಷರಗಳು) ಎಲ್ಲ ಸೇರಿ 0.8 ಇದೆ ಎನ್ನಿ. ಡಿಎನ್‌ಟಿಪಿ ತನ್ನ ಪಾಲಿನ ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಉಳಿಯುವುದು 2.2. ಬಳಕೆಯಲ್ಲಿರುವ ಒಂದು ಸೂತ್ರದ ಪ್ರಕಾರ ಅದರ ವರ್ಗಮೂಲವನ್ನು 120ರಿಂದ ಗುಣಿಸಿದರೆ ಸುಮಾರು 178, ಅದಕ್ಕೆ 50 ಕೂಡಿಸಿದರೆ 228 ಮಿಲಿಮೋಲಾರ್ ಸೋಡಿಯಂಗೆ ಸಮ. ಪರದೆಯ ಮೇಲೆ 50, ಟ್ಯೂಬಿನಲ್ಲಿ 228. ಇಪ್ಪತ್ತು ಅಕ್ಷರದ ಪ್ರೈಮರಿಗೆ ಇದರಿಂದಲೇ ಟಿಎಂ ಏಳೆಂಟು ಡಿಗ್ರಿ ಮೇಲೆ ಹೋಗುತ್ತದೆ. ಅಂದರೆ ಪರದೆಯಲ್ಲಿ 60 ಕಂಡದ್ದು ಟ್ಯೂಬಿನಲ್ಲಿ 67, 68ರ ಹತ್ತಿರ. ಅಂಥ ಪ್ರೈಮರ್ 60ರಲ್ಲಿ ಬೇಡದ ಜಾಗದಲ್ಲೂ ಆರಾಮಾಗಿ ಕೂರುತ್ತದೆ. ಇದರ ತಿರುಗುಮುರುಗೂ ಆಗುತ್ತದೆ: ಪ್ರೈಮರನ್ನು ಮೆಗ್ನೀಸಿಯಂ ತುಂಬಿದ ಸಾಧನದಲ್ಲೂ ಪ್ರೋಬನ್ನು ಮೆಗ್ನೀಸಿಯಂ ಸೊನ್ನೆ ಇರುವ ಇನ್ನೊಂದರಲ್ಲೂ ನೋಡಿ "60 ಮತ್ತು 68, ಎಂಟು ಡಿಗ್ರಿ ಅಂತರವಿದೆ" ಎಂದು ಬರೆದಿಟ್ಟಿದ್ದರೆ ನಿಜವಾದ ಅಂತರ ಹದಿನೈದಕ್ಕೂ ಮೇಲೆ ಇದೆ. ಪ್ರೈಮರಿಗಿಂತ ಮೊದಲು ಪ್ರೋಬ್ ಕೂತಿರಬೇಕು ಎಂಬುದು ನಿಜ, ಆದರೆ ಅಷ್ಟು ಉದ್ದದ, ಅಷ್ಟು ಬಿಗಿಯಾದ ಪ್ರೋಬಿನಲ್ಲಿ ಬಣ್ಣ ಕ್ವೆಂಚರ್‌ನಿಂದ ದೂರವಾಗಿ ತಳದ ಬೆಳಕು ಏರುತ್ತದೆ. ಮೂರೂ ಆಲಿಗೋಗಳನ್ನು ಒಂದೇ ಸಾಧನದಲ್ಲಿ, ಒಂದೇ ಸೆಟ್ಟಿಂಗಿನಲ್ಲಿ ಮತ್ತೆ ಲೆಕ್ಕ ಹಾಕಿ, ಆಮೇಲೆ ಅನೀಲಿಂಗ್ ತಾಪದ ಗ್ರೇಡಿಯಂಟ್ ಓಡಿಸಿ. ಬಹಳ ಸಲ ಅದೇ ಪ್ರೈಮರ್ ಮೂರು ಡಿಗ್ರಿ ಆಚೀಚೆ ಚೆನ್ನಾಗಿ ಕೆಲಸ ಮಾಡುತ್ತದೆ.

ಟಿಎಂ ಎಲ್ಲ ಸರಿಯಿದ್ದೂ ದಕ್ಷತೆ ಏರದಿದ್ದರೆ ಟೆಂಪ್ಲೇಟೇ ಮಡಚಿಕೊಂಡಿರಬಹುದು. ಆಂಪ್ಲಿಕಾನನ್ನು ಮಡಿಕೆ ಲೆಕ್ಕ ಹಾಕುವ ಎಂಫೋಲ್ಡ್‌ಗೆ ಹಾಕಿ ನೋಡಿ. ಆದರೆ ಅದರ ಮೂಲ ಸೆಟ್ಟಿಂಗ್ 37 ಡಿಗ್ರಿ, 1 ಮೋಲಾರ್ ಉಪ್ಪು. ಹಾಗೆ ನೋಡಿದರೆ ಎಲ್ಲ ಸೀಕ್ವೆನ್ಸೂ ಗಂಟುಗಂಟಾಗಿ ಕಂಡು ಹೆದರಿಕೆಯಾಗುತ್ತದೆ. 60 ಡಿಗ್ರಿ, ನಿಮ್ಮ ಬಫರಿನ ಉಪ್ಪು ಇಟ್ಟು ನೋಡಿದಾಗಲೂ ಪ್ರೈಮರಿನ 3′ ತುದಿ ಕೂರುವ ಜಾಗ ಗಂಟಿನೊಳಗೆ ಸಿಕ್ಕಿದ್ದರೆ ಮಾತ್ರ ಪ್ರೈಮರನ್ನು ಪಕ್ಕಕ್ಕೆ ಸರಿಸಿ.

ಬ್ಲಾಸ್ಟ್ "ಏನೂ ಸಿಗಲಿಲ್ಲ" ಎಂದಾಗ

ಪ್ರೈಮರ್ ಬೇರೆಲ್ಲಿ ಹೊಂದುತ್ತದೆ ಎಂದು ಡೇಟಾಬೇಸಿನಲ್ಲಿ ಹುಡುಕುವ ಬ್ಲಾಸ್ಟ್‌ಎನ್ ಅನ್ನು ಕಮ್ಯಾಂಡ್ ಲೈನಿನಲ್ಲಿ ಓಡಿಸುವವರು ಬೀಳುವ ಹಳ್ಳ ಇದು. ಬೇರೆ ಏನೂ ಹೇಳದಿದ್ದರೆ ಅದು ಮೆಗಾಬ್ಲಾಸ್ಟ್ ಆಗಿ ಓಡುತ್ತದೆ, ಹುಡುಕಾಟ ಶುರುವಾಗಲು 28 ಅಕ್ಷರ ಸತತವಾಗಿ ಹೊಂದಬೇಕು. ಇಪ್ಪತ್ತು ಅಕ್ಷರದ ಪ್ರೈಮರಿಗೆ ಅದು ಎಂದೂ ಸಾಧ್ಯವಿಲ್ಲ. ಸ್ವಂತ ಜೀನಿಗೂ ಹೊಂದುವುದಿಲ್ಲ. "ಬೇರೆಲ್ಲೂ ಕೂರುವುದಿಲ್ಲ" ಎಂದು ವರದಿಯಲ್ಲಿ ಬರೆದದ್ದೇ ಬಂತು. ಬ್ಲಾಸ್ಟ್‌ಎನ್-ಶಾರ್ಟ್ ಆಯ್ಕೆ ಹಾಕಿ, ವರ್ಡ್ ಸೈಜ್ 7ಕ್ಕೆ ಇಳಿಯುತ್ತದೆ. ಎನ್‌ಸಿಬಿಐ ವೆಬ್ ಪುಟ ಸಣ್ಣ ಸೀಕ್ವೆನ್ಸಿಗೆ ತಾನೇ ಹೊಂದಿಸಿಕೊಳ್ಳುತ್ತದೆ.

ಪ್ರೈಮರ್-ಬ್ಲಾಸ್ಟ್‌ನಲ್ಲಿ ಇನ್ನೊಂದು ಬಗೆಯ ಸುಳ್ಳು ನೆಮ್ಮದಿ ಸಿಗುತ್ತದೆ. ಡೇಟಾಬೇಸ್ ಜಾಗದಲ್ಲಿ ರೆಫ್‌ಸೀಕ್ ಎಂಆರ್‌ಎನ್‌ಎ ಇಟ್ಟು ಹುಡುಕಿದರೆ ಅದು ಜೀನೋಮ್ ನೋಡುವುದೇ ಇಲ್ಲ. ಗ್ಯಾಪ್‌ಡಿಎಚ್ ಅನ್ನು ಹೋಲಿಕೆಯ ಜೀನಾಗಿ ಬಳಸುವವರಿಗೆ ಇದು ಬಿಸಿ ಮುಟ್ಟಿಸುತ್ತದೆ: ಮನುಷ್ಯನ ಜೀನೋಮಿನಲ್ಲಿ ಅದರ ಹುಸಿ ಜೀನುಗಳು ಅರವತ್ತರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಬಹುಪಾಲು ಆರ್‌ಎನ್‌ಎಯಿಂದ ಹಿಂದಕ್ಕೆ ಬರೆಸಿಕೊಂಡು ಜೀನೋಮಿಗೆ ಸೇರಿದವು, ಆರ್‌ಎನ್‌ಎಯಲ್ಲಿ ಕತ್ತರಿಸಿ ಬಿಡುವ ಇಂಟ್ರಾನ್ ಭಾಗ ಇವುಗಳಲ್ಲಿ ಇಲ್ಲ. ಎಕ್ಸಾನ್ ಸಂಧಿಯ (ಇಂಟ್ರಾನ್ ಹೋದ ಮೇಲೆ ಉಳಿದ ಭಾಗಗಳು ಸೇರುವ ಜಾಗದ) ಮೇಲೆ ಪ್ರೈಮರ್ ಕೂರಿಸಿದ್ದೇವೆ, ಡಿಎನ್‌ಎ ಕಾಟವಿಲ್ಲ ಎಂಬ ಮಾಮೂಲು ಜಾಣತನ ಇಂಥಲ್ಲಿ ಕೆಲಸಕ್ಕೆ ಬಾರದು. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಕಿಣ್ವ) ಹಾಕದ ಕಂಟ್ರೋಲ್ ವೆಲ್ ಒಂದೇ ನಿಜ ಹೇಳುವ ಸಾಕ್ಷಿ. ಅದರ ಸಿಟಿ ಸ್ಯಾಂಪಲ್‌ಗಿಂತ 7 ಸೈಕಲ್ ತಡವಾಗಿದ್ದರೆ ಡಿಎನ್‌ಎ ಪಾಲು ಶೇ. 1ಕ್ಕಿಂತ ಕಡಿಮೆ, ನಡೆಯುತ್ತದೆ. ಮೂರೇ ಸೈಕಲ್ ತಡವಾಗಿದ್ದರೆ ಶೇ. 12ರ ಮೇಲೆ, ಡಿಎನ್‌ಏಸ್ ಹಾಕಿ ಮತ್ತೆ ಮಾಡಿ.

ಕೆಲವು ಸ್ಯಾಂಪಲ್ ಮಾತ್ರ ತಪ್ಪಿಸಿಕೊಳ್ಳುತ್ತಿವೆ

ಕಂಟ್ರೋಲ್ ಚೆನ್ನಾಗಿದೆ, ಸ್ಲೋಪ್ ಚೆನ್ನಾಗಿದೆ, ಆದರೂ ಕೆಲವು ಸ್ಯಾಂಪಲ್ ತಡವಾಗಿ ಏಳುತ್ತವೆ ಅಥವಾ ಏಳುವುದೇ ಇಲ್ಲ. ಪ್ರೈಮರಿನ ಅಡಿಯಲ್ಲಿ ಅಕ್ಷರ ಬದಲಾಗಿದೆಯೇ ನೋಡಿ. ಎಲ್ಲಿ ಬದಲಾಗಿದೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಕೊರೋನಾ ವೈರಸ್ಸಿನ ಬಿ.1.1 ವಂಶದಲ್ಲಿ ಜೀನೋಮಿನ 28881ರಿಂದ 28883ನೇ ಸ್ಥಾನದವರೆಗಿನ ಮೂರು ಜಿಗಳು ಎಎಸಿ ಆದವು. ಚೀನಾದ ಸಿಡಿಸಿಯ ಎನ್ ಜೀನ್ ಫಾರ್ವರ್ಡ್ ಪ್ರೈಮರಿನ ಮೊದಲ ಅಕ್ಷರಗಳ ಅಡಿಗೇ ಅದು ಬಿತ್ತು. 5′ ತುದಿಯಾದ್ದರಿಂದ ಪ್ರೈಮರ್ ಇನ್ನೂ ನೆಲೆ ಕಂಡುಕೊಳ್ಳಬಲ್ಲದು. ಇದೇ ಮೂರು ಅಕ್ಷರ 3′ ತುದಿಯಲ್ಲಿ ಬದಲಾಗಿದ್ದರೆ ಆ ಅಸ್ಸೇ ಅಲ್ಲಿಗೇ ಮುಗಿಯುತ್ತಿತ್ತು. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯವರು ಜನವರಿ 2020ರಲ್ಲಿ ಕೊಟ್ಟ ಆರ್‌ಡಿಆರ್‌ಪಿ (ವೈರಸ್ ತನ್ನ ಆರ್‌ಎನ್‌ಎ ನಕಲಿಸಲು ಬಳಸುವ ಕಿಣ್ವದ ಜೀನ್) ಅಸ್ಸೇಯ ರಿವರ್ಸ್ ಪ್ರೈಮರಿನಲ್ಲಿ ಸಿ ಅಥವಾ ಜಿ ಎಂಬ ದ್ವಂದ್ವ ಅಕ್ಷರವೊಂದಿತ್ತು. ಹಳೆಯ ಸಾರ್ಸ್ ಬಳಗವನ್ನೂ ಹಿಡಿಯಲೆಂದು ಇಟ್ಟದ್ದು, ಹೊಸ ವೈರಸ್ಸಿಗೆ ಆ ಜಾಗದಲ್ಲಿ ಬೇಕಾದದ್ದು ಅವೆರಡೂ ಆಗಿರಲಿಲ್ಲ. ಆ ಗುರಿಯ ಸಂವೇದನೆ ಉಳಿದವಕ್ಕಿಂತ ಕಡಿಮೆ ಎಂದು ಅದೇ ವರ್ಷದ ಹೋಲಿಕೆಗಳಲ್ಲಿ ಕಂಡುಬಂತು. ಎಸ್ ಜೀನಿನ 69–70ರ ಆರು ಅಕ್ಷರಗಳ ಅಳಿವು ಒಂದು ವ್ಯಾಪಾರಿ ಕಿಟ್‌ನ ಎಸ್ ಗುರಿಯನ್ನೇ ಮಾಯ ಮಾಡಿದಾಗ, ಆಲ್ಫಾ ಮತ್ತು ಒಮಿಕ್ರಾನ್ ಬಿಎ.1 ಹರಡುವಿಕೆಯ ಸುಳಿವಾಗಿ ಆ ದೋಷವನ್ನೇ ಬಳಸಿಕೊಂಡರು. ಉಳಿದ ಎರಡು ಗುರಿಗಳು ಇದ್ದುದರಿಂದ ಅದು ಸಾಧ್ಯವಾಯಿತು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯಂಥ ವೈರಸ್ಸಿಗೆ ವಿನ್ಯಾಸ ಮಾಡುವವರಿಗೆ ಕಷ್ಟ ಬೇರೆ ಬಗೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಫ್ಲೇವಿವೈರಸ್ಸಿಗೆ ಎನ್‌ಎಸ್5 ಜೀನನ್ನು ಗುರಿ ಮಾಡಿದ ರಿಯಲ್‌ಟೈಮ್ ಪರೀಕ್ಷೆ ಬಳಕೆಯಲ್ಲಿದೆ. ಎನ್‌ಎಸ್5 ಹೆಚ್ಚು ಬದಲಾಗದ ಜೀನ್, ಅದು ಅನುಕೂಲ. ಅದೇ ಕಾರಣಕ್ಕೆ ಬಳಗದ ಇತರರೊಡನೆ ಹೋಲುತ್ತದೆ, ಅದು ಅನಾನುಕೂಲ. ಅಲೈನ್‌ಮೆಂಟ್ ಮಾಡುವಾಗ ಹಳೆಯ, ಹೊಸ ಮಾದರಿಗಳನ್ನೆಲ್ಲ ಸೇರಿಸಿ, ಜೊತೆಗೆ ಅದೇ ಊರಿನ ಜ್ವರದ ರೋಗಿಯಲ್ಲಿ ಇರಬಹುದಾದ ಡೆಂಗಿಯನ್ನೂ ಸೇರಿಸಿ. ಇನ್ನೊಂದು ವಿಷಯ ಸಾಫ್ಟ್‌ವೇರ್ ಎಂದೂ ಹೇಳುವುದಿಲ್ಲ: ಫ್ಲೇವಿವೈರಸ್ಸಿನ ಆರ್‌ಎನ್‌ಎಗೆ ಪಾಲಿ-ಎ ಬಾಲವಿಲ್ಲ. ಆ ಬಾಲಕ್ಕೇ ಅಂಟುವ ಆಲಿಗೋ-ಡಿಟಿ ಹಾಕಿ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿ, ಒಳ್ಳೆಯ ಪ್ರೈಮರನ್ನು ಬೈಯುತ್ತ ಕೂತರೆ ಪ್ರಯೋಜನವಿಲ್ಲ. ರ‍್ಯಾಂಡಮ್ ಹೆಕ್ಸಾಮರ್ ಅಥವಾ ಜೀನಿಗೇ ಮೀಸಲಾದ ಪ್ರೈಮರ್ ಹಾಕಿ.

ಕೊನೆಗೂ ಹೊಸದು ತರಿಸುವುದಾದರೆ

ಹಳೆಯ ಸೆಟ್ಟಿಂಗ್ ಫೈಲನ್ನು ಮುಚ್ಚಿ ಖಾಲಿ ಪುಟದಿಂದ ಶುರು ಮಾಡಿ. ಆಂಪ್ಲಿಕಾನ್ 70ರಿಂದ 150 ಅಕ್ಷರ, ಪ್ರೈಮರಿನ 3′ ತುದಿಯ ಕೊನೆಯ ಐದರಲ್ಲಿ ಜಿ–ಸಿ ಎರಡಕ್ಕಿಂತ ಹೆಚ್ಚು ಬೇಡ, ನಾಲ್ಕು ಜಿ ಸಾಲಾಗಿ ಎಲ್ಲೂ ಬೇಡ, ಉಪ್ಪು ಮತ್ತು ಮೆಗ್ನೀಸಿಯಂ ಮಿಕ್ಸ್‌ನ ಪತ್ರದಲ್ಲಿದ್ದಂತೆ. ತಯಾರಕರು ಆ ಅಂಕಿ ಕೊಟ್ಟಿಲ್ಲವಾದರೆ 3 ಮಿಲಿಮೋಲಾರ್ ಇಟ್ಟು ಮುಂದುವರಿಯುವುದು ಸೊನ್ನೆಗಿಂತ ಸತ್ಯಕ್ಕೆ ಹತ್ತಿರ. ಸಾಫ್ಟ್‌ವೇರ್ ಕೊಡುವ ಮೊದಲ ಸ್ಥಾನದ ಜೋಡಿಗೇ ಜೋತುಬೀಳಬೇಡಿ. ಅದರ ಅಂಕಪಟ್ಟಿಯಲ್ಲಿ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರ ಕೂದಲೆಳೆಯಷ್ಟು, ಬೆಂಚಿನ ಮೇಲೆ ಅದಕ್ಕೆ ಅರ್ಥವಿಲ್ಲ. ಪ್ರೈಮರ್ ಅಗ್ಗ, ಪ್ರೋಬ್ ದುಬಾರಿ. ಎರಡು ಮೂರು ಪ್ರೈಮರ್ ಜೋಡಿಗಳು ಒಂದೇ ಪ್ರೋಬನ್ನು ಹಂಚಿಕೊಳ್ಳುವಂತೆ ವಿನ್ಯಾಸ ಮಾಡಿ, ಮೊದಲು ಪ್ರೈಮರ್‌ಗಳನ್ನಷ್ಟೇ ತರಿಸಿ ಸೈಬರ್‌ನಲ್ಲಿ ಓಡಿಸಿ, ಗೆದ್ದ ಜೋಡಿಗೆ ಪ್ರೋಬ್ ತರಿಸಿ.

ಪ್ರೋಬ್ ಬಂದ ದಿನ ಮೊದಲ ಪ್ಲೇಟ್‌ನಲ್ಲಿ ಸ್ಯಾಂಪಲ್ ಹಾಕಬೇಡಿ. ಅರ್ಧ ಪ್ಲೇಟ್ ನೀರಿನ ವೆಲ್, ಅವುಗಳಲ್ಲೇ ಒಂದೊಂದು ಆಲಿಗೋ ಬಿಟ್ಟ ಸಾಲುಗಳು, ಉಳಿದರ್ಧದಲ್ಲಿ ಆರು ಹಂತದ ಸ್ಟ್ಯಾಂಡರ್ಡ್ ಕರ್ವ್, ಪ್ರತಿ ಹಂತ ಮೂರು ವೆಲ್. 45 ಸೈಕಲ್ ಓಡಲಿ. ಸ್ಟ್ಯಾಂಡರ್ಡನ್ನು ಎಲ್ಲಕ್ಕಿಂತ ಕೊನೆಗೆ, ಬೇರೆ ಮೇಜಿನ ಮೇಲೆ, ತೆಳುವಾದದ್ದರಿಂದ ಶುರುಮಾಡಿ ದಟ್ಟವಾದದ್ದರ ಕಡೆಗೆ ಹಾಕುತ್ತ ಹೋಗಿ.